ಎರಡೂ ಸ್ಪೀಕರಿನಲ್ಲಿ ಒಂದೇ ಸದ್ದು ಬಂದರೆ ಎಲ್‌ಪಿ ಕೆಟ್ಟಿದೆ ಎಂದಲ್ಲ

ಪ್ರಶ್ನೆ: ನಾನು ಕೆಲಸದ ಮೇಲೆ ಇಂಗ್ಲೆಂಡಿನ ಸೌತೆಂಡ್‌ನಲ್ಲಿದ್ದೇನೆ. ಪಕ್ಕದ ಮನೆಯ ಹಿರಿಯರು ತಮ್ಮ ಹಳೇ ಎಲ್‌ಪಿಗಳನ್ನು ನನಗೆ ಕೊಟ್ಟರು. ಅದರಲ್ಲಿ ಡಾ. ಫೀಲ್‌ಗುಡ್ ಬ್ಯಾಂಡಿನ ‘ಡೌನ್ ಬೈ ದ ಜೆಟ್ಟಿ’ ಇದೆ, 1975ರದ್ದು. ಹಾಕಿದರೆ ಎರಡೂ ಸ್ಪೀಕರಿನಲ್ಲಿ ಒಂದೇ ಸದ್ದು. ಒಬ್ಬರು ಸೂಜಿ ಕೂರುವ ಕಾರ್ಟ್ರಿಜ್ ಕೆಟ್ಟಿದೆ ಎಂದರು. ಇನ್ನೊಬ್ಬರು ಇದು ಮೊನೊ, ಇದಕ್ಕೆ ಬೇರೆ ಮೊನೊ ಕಾರ್ಟ್ರಿಜ್ಜೇ ಬೇಕು ಎಂದರು, ಅದರ ಬೆಲೆ ಕೇಳಿ ಸುಮ್ಮನಾದೆ. ಆಮೇಲೆ ಇದೇ ಆಲ್ಬಮ್ಮಿನ 2006ರ ಎರಡು ಸಿಡಿಯ ಆವೃತ್ತಿ ಕೊಂಡೆ. ಒಂದರಲ್ಲಿ ಮೊನೊ, ಇನ್ನೊಂದರಲ್ಲಿ ಸ್ಟೀರಿಯೊ. ಸಿಡಿ ಎಲ್‌ಪಿಗಿಂತ ಜೋರಾಗಿದೆ, ಸ್ಪಷ್ಟವಾಗಿಯೂ ಇದೆ. ಆದರೂ ನಾಲ್ಕು ಹಾಡು ಕೇಳುವಷ್ಟರಲ್ಲಿ ಕಿವಿ ದಣಿಯುತ್ತದೆ. ಆ ಸ್ಟೀರಿಯೊ ನಿಜವೋ, ಮೊನೊವನ್ನು ಎಳೆದು ಅಗಲ ಮಾಡಿದ್ದೋ? ಇವುಗಳಲ್ಲಿ ‘ಅಸಲಿ’ ಯಾವುದು? ಹೊಸದಾಗಿ ರೀಮಾಸ್ಟರ್ ಮಾಡಿದ ಎಲ್‌ಪಿ ಕೊಳ್ಳಬೇಕಾ?

ಉತ್ತರ: ಮೊದಲು ಸಮಾಧಾನದ ಮಾತು. ನಿಮ್ಮ ಎಲ್‌ಪಿ ಕೆಟ್ಟಿಲ್ಲ. ನೀವು ಹೇಳಿದ ಲಕ್ಷಣ ನೋಡಿದರೆ ಕಾರ್ಟ್ರಿಜ್ ಕೂಡ ಕೆಟ್ಟಿಲ್ಲ. ಆ ಆಲ್ಬಮ್ ಹೊರಬಂದದ್ದೇ ಮೊನೊದಲ್ಲಿ, ಅಂದರೆ ಎರಡೂ ಸ್ಪೀಕರಿಗೆ ಒಂದೇ ಸದ್ದು. ಎಡಕ್ಕೊಂದು, ಬಲಕ್ಕೊಂದು ಬೇರೆ ಸದ್ದು ಕೊಡುವುದು ಸ್ಟೀರಿಯೊ. ದುಬಾರಿ ಮೊನೊ ಕಾರ್ಟ್ರಿಜ್ ಕೂಡ ಇದಕ್ಕೆ ಬೇಡ, ಯಾಕೆಂದು ಮುಂದೆ ಹೇಳುತ್ತೇನೆ. ಉಳಿದ ಪ್ರಶ್ನೆಗಳಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಹಳೇ ಟೇಪುಗಳನ್ನು ಡಿಜಿಟಲ್ಲಿಗೆ ತರುವುದು, ಮಾಸ್ಟರಿಂಗ್ (ಅಚ್ಚಿಗೆ ಹೋಗುವ ಮುಂಚೆ ಒಟ್ಟಾರೆ ಸದ್ದು ಹೊಂದಿಸುವುದು) ಮಾಡುವುದು ನನ್ನ ಕೆಲಸ. ನಿಮ್ಮಂಥದೇ ಗೊಂದಲ ಇಟ್ಟುಕೊಂಡು ತುಂಬಾ ಜನ ಬರುತ್ತಾರೆ.

1975ರಲ್ಲಿ ಮೊನೊ ಅಂದರೆ ಅನುಮಾನ ಬರುವುದು ಸಹಜ. ಸ್ಟೀರಿಯೊ ಎಲ್‌ಪಿಗಳು 1958ರಿಂದಲೇ ಮಾರುಕಟ್ಟೆಗೆ ಬಂದಿದ್ದವು. 60ರ ದಶಕ ಮುಗಿಯುವ ಹೊತ್ತಿಗೆ ಬ್ರಿಟನ್ನಿನ ದೊಡ್ಡ ಕಂಪನಿಗಳು ಹೊಸ ಪಾಪ್ ಆಲ್ಬಮ್‌ಗಳನ್ನು ಮೊನೊದಲ್ಲಿ ತರುವುದನ್ನು ಹೆಚ್ಚುಕಡಿಮೆ ನಿಲ್ಲಿಸಿದ್ದವು. ಅದಾಗಿ ಐದಾರು ವರ್ಷದ ಮೇಲೆ, 1975ರ ಜನವರಿಯಲ್ಲಿ, ಕಪ್ಪು-ಬಿಳುಪು ಫೋಟೋ ಇರುವ ಕವರಿನಲ್ಲಿ ಈ ಮೊನೊ ಆಲ್ಬಮ್ ಬಂತು. ಆಗಿನ ರಾಕ್ ಆಲ್ಬಮ್ಮುಗಳಲ್ಲಿ ಸಿಂಥಸೈಜರ್, ಇಪ್ಪತ್ತು ನಿಮಿಷದ ಹಾಡು, ಒಂದರ ಮೇಲೊಂದು ಪದರ ಪದರವಾಗಿ ಕೂರಿಸಿದ ಗಿಟಾರ್‌ಗಳು ಇರುತ್ತಿದ್ದವು. ಇಲ್ಲಿ ಇದ್ದದ್ದು ಒಂದು ಗಿಟಾರ್, ಒಂದು ಬೇಸ್, ಒಂದು ಡ್ರಮ್ ಸೆಟ್, ಒಬ್ಬ ಹಾಡುಗಾರ ಮತ್ತು ಅವನ ಹಾರ್ಮೋನಿಕಾ.

ಈ ನಾಲ್ವರು ನಿಮ್ಮ ಊರಿನ ಪಕ್ಕದವರೇ. ಥೇಮ್ಸ್ ನದಿ ಸಮುದ್ರ ಸೇರುವ ಕಡೆ ಇರುವ ಕ್ಯಾನ್ವೆ ದ್ವೀಪದವರು. ಲೀ ಬ್ರಿಲೊ ಹಾಡುಗಾರ, ವಿಲ್ಕೊ ಜಾನ್ಸನ್ ಗಿಟಾರ್, ಜಾನ್ ಬಿ. ಸ್ಪಾರ್ಕ್ಸ್ ಬೇಸ್. ಡ್ರಮ್ ಬಾರಿಸುತ್ತಿದ್ದ ಜಾನ್ ಮಾರ್ಟಿನ್‌ರನ್ನು ಎಲ್ಲರೂ ‘ಬಿಗ್ ಫಿಗರ್’ ಎನ್ನುತ್ತಿದ್ದರು. ಲಂಡನ್ನಿನ ಪಬ್‌ಗಳ ಹಿಂದಿನ ಕೋಣೆಗಳಲ್ಲಿ ಬೆಳೆದ ಸಂಗೀತ ಇದು. 1971ರಲ್ಲಿ ಎಗ್ಸ್ ಓವರ್ ಈಸಿ ಎಂಬ ಅಮೆರಿಕದ ಬ್ಯಾಂಡು ಕೆಂಟಿಶ್ ಟೌನಿನ ಟ್ಯಾಲಿ ಹೋ ಪಬ್ಬಿನಲ್ಲಿ ನುಡಿಸಲು ಶುರು ಮಾಡಿತು. ಪಬ್ ರಾಕ್ ಎಂದು ಕರೆಯುವ ಈ ಸಂಗೀತದ ಕಥೆಯನ್ನು ಸಾಮಾನ್ಯವಾಗಿ ಅಲ್ಲಿಂದಲೇ ಹೇಳುತ್ತಾರೆ. ಆಮೇಲೆ ಇಸ್ಲಿಂಗ್ಟನ್ನಿನ ಹೋಪ್ ಅಂಡ್ ಆಂಕರ್‌ನಂಥ ಪಬ್‌ಗಳು ಇದರ ಮನೆಯಾದವು. 1976ರಲ್ಲಿ ಸ್ಟಿಫ್ ರೆಕಾರ್ಡ್ಸ್ ಎಂಬ ರೆಕಾರ್ಡ್ ಕಂಪನಿ ಶುರುವಾದಾಗ ಅದಕ್ಕೆ 400 ಪೌಂಡ್ ಸಾಲ ಕೊಟ್ಟವರು ಇದೇ ಲೀ ಬ್ರಿಲೊ. ಸ್ವೀಡನ್ನಿನ ರಾಕ್ಸೆಟ್ ಜೋಡಿಯ ಪಾಪ್ ಹಾಡುಗಳನ್ನು ನಮ್ಮಲ್ಲಿ ಕೇಳದವರು ಕಡಿಮೆ. ಅವರು ತಮ್ಮ ಹೆಸರನ್ನು ಎತ್ತಿಕೊಂಡದ್ದು ಈ ಎಲ್‌ಪಿಯ ಒಂದು ಹಾಡಿನಿಂದ. ಇನ್ನೊಂದು ವಿಷಯ: ವಿಲ್ಕೊ ನ್ಯೂಕಾಸಲ್‌ನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ ಮುಗಿಸಿದ ಮೇಲೆ ರಸ್ತೆ ದಾರಿಯಲ್ಲೇ ಭಾರತಕ್ಕೆ ಬಂದು ಹೋಗಿದ್ದರು. ಈ ಬ್ಯಾಂಡು ಕಟ್ಟಿದ್ದು ಆಮೇಲೆ.

ಈಗ ಮೊನೊ ಬಗ್ಗೆ ಇರುವ ತಪ್ಪು ತಿಳಿವಳಿಕೆಗೆ ಬರೋಣ. ‘ದುಡ್ಡಿಲ್ಲದೆ ಒಂದೇ ಮೈಕ್ ಇಟ್ಟು ರೆಕಾರ್ಡ್ ಮಾಡಿದರು’ ಎಂದು ಹೇಳುವವರಿದ್ದಾರೆ. ಅದು ಸುಳ್ಳು. ಈ ಆಲ್ಬಮ್ಮಿನ ಬಹುಪಾಲು ರೆಕಾರ್ಡ್ ಆದದ್ದು ವೇಲ್ಸ್‌ನ ರಾಕ್‌ಫೀಲ್ಡ್ ಸ್ಟುಡಿಯೊದಲ್ಲಿ. ಅದು ಆ ಕಾಲದ ಒಳ್ಳೇ ಸ್ಟುಡಿಯೊಗಳಲ್ಲಿ ಒಂದು. ನಿರ್ಮಾಪಕ ವಿಕ್ ಮೇಲ್. ದ ಹೂ ಬ್ಯಾಂಡಿನ 1970ರ ಲೀಡ್ಸ್ ಕಛೇರಿಯ ರೆಕಾರ್ಡಿಂಗ್‌ನಲ್ಲಿ ಕೆಲಸ ಮಾಡಿದವರು, ಮುಂದೆ 1980ರಲ್ಲಿ ಮೋಟರ್‌ಹೆಡ್ ಬ್ಯಾಂಡಿನ ಹೆಸರಾಂತ ಆಲ್ಬಮ್ಮನ್ನೂ ಮಾಡಿದವರು. ಕೆಲಸ ಗೊತ್ತಿಲ್ಲದೆ ಮೊನೊ ಮಾಡಿದವರಲ್ಲ. ಹಲವು ಟ್ರ್ಯಾಕ್‌ಗಳಲ್ಲಿ, ಅಂದರೆ ಒಂದೇ ಟೇಪಿನ ಬೇರೆ ಬೇರೆ ಪಟ್ಟಿಗಳಲ್ಲಿ ರೆಕಾರ್ಡ್ ಮಾಡಿ, ಕೊನೆಗೆ ಮಿಕ್ಸ್ ಮಾಡುವಾಗ ಒಂದೇ ಚಾನೆಲ್ಲಿಗೆ ಇಳಿಸಿದ್ದು. ಹಾಗಾಗಿಯೇ ನಿಜವಾದ ಸ್ಟೀರಿಯೊ ಮಿಕ್ಸ್ ಸಾಧ್ಯವಾಯಿತು.

ಮೊನೊ ಇಲ್ಲಿ ಯಾಕೆ ಹೊಂದುತ್ತದೆ? ನನ್ನ ಅಭಿಪ್ರಾಯ ಹೇಳುತ್ತೇನೆ. ವಿಲ್ಕೊ ತಂತಿ ಮೀಟುವ ಪ್ಲೆಕ್ಟ್ರಮ್ ಇಲ್ಲದೆ ಬೆರಳಿನಿಂದಲೇ ಟೆಲಿಕಾಸ್ಟರ್ ಗಿಟಾರ್ ನುಡಿಸುತ್ತಿದ್ದರು. ಜಾನಿ ಕಿಡ್ ಅಂಡ್ ದ ಪೈರೇಟ್ಸ್ ಬ್ಯಾಂಡಿನ ಗಿಟಾರಿಗ ಮಿಕ್ ಗ್ರೀನ್ ಅವರಿಗೆ ಗುರುವಿದ್ದ ಹಾಗೆ. ತಾಳ ಹಿಡಿಯುವ ಗಿಟಾರ್, ಮುಂದೆ ನಿಂತು ರಾಗ ನುಡಿಸುವ ಗಿಟಾರ್, ಎರಡೂ ಒಂದೇ ಕೈಯಲ್ಲಿ. ತಂತಿಗೆ ಟಕ್ಕನೆ ಒಂದು ಪೆಟ್ಟು, ಕೂಡಲೇ ಕೈ ಮುಚ್ಚಿ ಮೌನ, ಮತ್ತೆ ಪೆಟ್ಟು. ಆ ಮೌನದ ಸಂದಿಯಲ್ಲಿ ಡ್ರಮ್ ಕೂರುತ್ತದೆ, ಬೇಸ್ ಕೂರುತ್ತದೆ, ಬ್ರಿಲೊ ಉಸಿರು ಎಳೆಯುವುದೂ ಕೇಳುತ್ತದೆ. ನಾಲ್ವರೂ ಒಟ್ಟಿಗೆ ನಿಂತು ನುಡಿಸಿದ್ದು. ಹಾಗೆ ನುಡಿಸಿದಾಗ ಒಬ್ಬರ ಸದ್ದು ಇನ್ನೊಬ್ಬರ ಮೈಕಿಗೆ ನುಗ್ಗುತ್ತದೆ. ಆಗ ಎಡ-ಬಲ ಎಂದು ಹಂಚುವುದರಿಂದ ಸಿಗುವ ಲಾಭ ಕಡಿಮೆ. ಪಬ್ಬಿನಲ್ಲಿ ನಿಂತವರಿಗೂ ಎಲ್ಲ ಸದ್ದೂ ಒಂದೇ ಕಡೆಯಿಂದ, ಒಂದೇ ರಾಶಿಯಾಗಿ ಬರುತ್ತಿತ್ತು. ಮೊನೊದಲ್ಲಿ ಆ ರಾಶಿ ಹಾಗೇ ಉಳಿದಿದೆ.

ಈ ಆಲ್ಬಮ್ಮಿನ ಜೀವ ಇರುವುದು ಆ ಪೆಟ್ಟು ಮತ್ತು ಮೌನದ ನಡುವಿನ ಅಂತರದಲ್ಲಿ. ನಿಮ್ಮ ಎಲ್ಲ ಪ್ರಶ್ನೆಗಳನ್ನೂ ನಾನು ಇದೇ ಅಳತೆಗೋಲಿನಲ್ಲಿ ನೋಡುತ್ತೇನೆ. ಯಾವ ಆವೃತ್ತಿ ಆ ಅಂತರವನ್ನು ಉಳಿಸಿದೆಯೋ ಅದು ಒಳ್ಳೆಯದು.

ರೀಮಾಸ್ಟರ್ ಮತ್ತು ರೀಮಿಕ್ಸ್ ಬೇರೆ ಬೇರೆ. ಜಾಹೀರಾತುಗಳಲ್ಲಿ ಇವು ಕಲಸಿಹೋಗುತ್ತವೆ. ರೀಮಿಕ್ಸ್ ಅಂದರೆ ಮೂಲ ಮಲ್ಟಿಟ್ರ್ಯಾಕ್ ಟೇಪಿಗೆ ಹೋಗಿ ಗಿಟಾರ್, ಡ್ರಮ್, ದನಿ ಒಂದೊಂದನ್ನೂ ಮತ್ತೆ ಹೊಂದಿಸುವುದು. ರೀಮಾಸ್ಟರ್ ಅಂದರೆ ಆಗಲೇ ಮಿಕ್ಸ್ ಆಗಿ ಮುಗಿದ ಟೇಪನ್ನು ತೆಗೆದುಕೊಂಡು ಒಟ್ಟಾರೆ ಸದ್ದನ್ನು ತಿದ್ದುವುದು. ಸಾರು ಕುದಿದ ಮೇಲೆ ಉಪ್ಪು ಹುಳಿ ಸರಿ ಮಾಡಬಹುದು, ಬೇಳೆಯನ್ನು ಹೊರಗೆ ತೆಗೆಯಲು ಆಗದು, ಅಷ್ಟೇ ವ್ಯತ್ಯಾಸ. ನಿಮ್ಮ 2006ರ ಆವೃತ್ತಿಯಲ್ಲಿ ಮೊನೊ ಡಿಸ್ಕು ಮೂಲ ಮೊನೊ ಮಿಕ್ಸಿನ ರೀಮಾಸ್ಟರ್. ಸ್ಟೀರಿಯೊ ಡಿಸ್ಕು ಬೇರೆಯೇ ಮಿಕ್ಸ್.

ಹಾಗಾದರೆ ಆ ಸ್ಟೀರಿಯೊ ನಕಲಿಯಲ್ಲ. ನಿಮ್ಮ ಅನುಮಾನಕ್ಕೆ ಕಾರಣ ಇದೆ, ಬಿಡಿ. 60ರ ದಶಕದಲ್ಲಿ ಅಮೆರಿಕದ ಕ್ಯಾಪಿಟಲ್‌ನಂಥ ಕಂಪನಿಗಳು ಮೊನೊ ರೆಕಾರ್ಡಿಂಗ್‌ನ ತಾರದ ಸದ್ದು (ಟ್ರೆಬಲ್) ಒಂದು ಕಡೆಗೆ, ಮಂದ್ರದ ಸದ್ದು ಇನ್ನೊಂದು ಕಡೆಗೆ ಹಾಕಿ, ನಡುವೆ ಚೂರು ಸಮಯದ ವ್ಯತ್ಯಾಸ ಕೊಟ್ಟು ಸ್ಟೀರಿಯೊ ಎಂದು ಮಾರಿದ್ದವು. ಕೇಳಲು ಹಿತವಿರುತ್ತಿರಲಿಲ್ಲ. ನಮ್ಮಲ್ಲೂ ಪಿ.ಬಿ. ಶ್ರೀನಿವಾಸ್ ಕಾಲದ ಮೊನೊ ಹಾಡುಗಳಿಗೆ ಹೀಗೆ ಅಗಲ ಎಳೆದ ಕ್ಯಾಸೆಟ್ಟು, ಸಿಡಿ ಬಂದಿವೆ. ದನಿ ನಡುವಿನಿಂದ ಜಾರಿ ಎಲ್ಲೋ ತೇಲುತ್ತಿರುತ್ತದೆ.

ನನ್ನ ಮಾತನ್ನೇ ನಂಬಬೇಕೆಂದಿಲ್ಲ, ಮನೆಯಲ್ಲೇ ಪರೀಕ್ಷೆ ಮಾಡಬಹುದು. ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಹಾಡು ತೆರೆದು, ಎಡ ಮತ್ತು ಬಲ ಚಾನೆಲ್‌ಗಳನ್ನು ಎರಡು ಮೊನೊ ಟ್ರ್ಯಾಕ್ ಆಗಿ ಬೇರೆ ಮಾಡಿ. ಒಂದನ್ನು ಮಾತ್ರ ‘ಇನ್ವರ್ಟ್’ ಮಾಡಿ. ಎರಡನ್ನೂ ಒಟ್ಟಿಗೆ ಬಾರಿಸಿ. ಎರಡರಲ್ಲೂ ಒಂದೇ ಇದ್ದರೆ ಒಂದನ್ನೊಂದು ಕಳೆದುಕೊಂಡು ಪೂರ್ತಿ ಮೌನ ಆಗುತ್ತದೆ. ಅದು ಶುದ್ಧ ಮೊನೊ. ನಿಜವಾದ ಸ್ಟೀರಿಯೊ ಮಿಕ್ಸ್ ಆಗಿದ್ದರೆ ನಡುವಿನಲ್ಲಿ ಇಟ್ಟದ್ದು, ಸಾಮಾನ್ಯವಾಗಿ ಹಾಡುಗಾರನ ದನಿ ಮತ್ತು ಬೇಸ್, ಮಾಯವಾಗಿ ಪಕ್ಕದಲ್ಲಿ ಇಟ್ಟ ವಾದ್ಯ ಉಳಿಯುತ್ತದೆ. ಎಳೆದು ಅಗಲ ಮಾಡಿದ ನಕಲಿಯಲ್ಲಿ ಯಾವುದೂ ಪೂರ್ತಿ ಮಾಯವಾಗುವುದಿಲ್ಲ. ಎಲ್ಲವೂ ತೆಳ್ಳಗೆ, ಟೊಳ್ಳಾಗಿ ಉಳಿದಿರುತ್ತದೆ. ಐದು ನಿಮಿಷದ ಕೆಲಸ.

ಮೊನೊ ಡಿಸ್ಕಿನಲ್ಲಿ ಪೂರ್ತಿ ಮೌನ ಬರದೆ ಸಣ್ಣದಾಗಿ ಟ್ರೆಬಲ್ ಸದ್ದು ಉಳಿದರೆ ಗಾಬರಿಯಾಗಬೇಡಿ. ಮೊನೊ ಟೇಪನ್ನು ಎರಡು ಟ್ರ್ಯಾಕಿನ ಹೆಡ್ (ಟೇಪಿನ ಸದ್ದು ಓದುವ ಭಾಗ) ಇರುವ ಮೆಷಿನ್ನಿನಲ್ಲಿ ಬಾರಿಸಿದಾಗ ಹಾಗಾಗುವುದುಂಟು. ಹೆಡ್ ಕೂದಲೆಳೆಯಷ್ಟು ವಾಲಿದ್ದರೂ ಒಂದು ಚಾನೆಲ್ ಇನ್ನೊಂದಕ್ಕಿಂತ ಚೂರು ಹಿಂದೆ ಬೀಳುತ್ತದೆ. ಹಾಗಿರುವಾಗ ಎರಡನ್ನೂ ಕೂಡಿಸಿಬಿಟ್ಟರೆ ಟ್ರೆಬಲ್ ಮಂಕಾಗುತ್ತದೆ. ಟೇಪ್ ಬಾರಿಸುವ ಮುಂಚೆ ಹೆಡ್ಡಿನ ವಾಲನ್ನು ಪ್ರತಿ ಟೇಪಿಗೂ ಸರಿಮಾಡುವುದು ನಮ್ಮ ಕೆಲಸದಲ್ಲಿ ಅತಿ ಬೇಸರದ ಭಾಗ, ಅತಿ ಮುಖ್ಯವಾದದ್ದೂ ಅದೇ. 70ರ ದಶಕದ ಮಧ್ಯದಿಂದ ಬಂದ ಕೆಲವು ಬಗೆಯ ಟೇಪುಗಳಿಗೆ ಇನ್ನೊಂದು ಕಾಯಿಲೆ ಇದೆ. ಟೇಪಿನಲ್ಲಿರುವ ಅಂಟು ತೇವ ಹೀರಿ ಜಿಗುಟಾಗಿ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಅಂಥ ಟೇಪನ್ನು ಸುಮಾರು 50 ಡಿಗ್ರಿ ಬಿಸಿಯಲ್ಲಿ ಹಲವು ಗಂಟೆ ಇಟ್ಟು ಒಣಗಿಸಿ, ಆಮೇಲೆ ಬಾರಿಸುತ್ತೇವೆ. ‘ರೀಮಾಸ್ಟರ್ಡ್’ ಎಂಬ ಚೀಟಿ ಇದ್ಯಾವುದನ್ನೂ ಹೇಳುವುದಿಲ್ಲ. ಮೂಲ ಟೇಪಿನಿಂದ ಮಾಡಿದ್ದಾ, ನಕಲಿನ ನಕಲಿನಿಂದ ಮಾಡಿದ್ದಾ ಎಂಬುದೂ ಆ ಚೀಟಿಯಲ್ಲಿ ಇರುವುದಿಲ್ಲ.

ಸ್ಟೀರಿಯೊ ಡಿಸ್ಕು ಹಾಕಿ ಆಂಪ್ಲಿಫೈಯರಿನ ಮೊನೊ ಗುಂಡಿ ಒತ್ತಿದರೆ ಹಳೇ ಮೊನೊ ಸಿಗುತ್ತದಲ್ವಾ ಎಂದು ಕೆಲವರು ಕೇಳುತ್ತಾರೆ. ಸಿಗುವುದಿಲ್ಲ. ಎರಡು ಚಾನೆಲ್ ಕೂಡಿಸಿದಾಗ ನಡುವೆ ಇದ್ದ ದನಿ, ಬೇಸ್ ಸುಮಾರು 3 ಡೆಸಿಬಲ್ ಮುಂದೆ ಬರುತ್ತವೆ, ಪಕ್ಕದ ಗಿಟಾರ್ ಹಿಂದೆ ಸರಿಯುತ್ತದೆ. ಈ ಆಲ್ಬಮ್ಮಿನಲ್ಲಿ ಗಿಟಾರ್ ಹಿಂದೆ ಸರಿದರೆ ಉಳಿಯುವುದೇನು? ಹಾಗಾಗಿ ಸ್ಟೀರಿಯೊವನ್ನು ಸ್ಟೀರಿಯೊವಾಗಿಯೇ ಕೇಳಿ. ಗಿಟಾರ್ ಕಲಿಯುವವರಿಗೆ ಅದು ಚಿನ್ನದಂಥ ವಸ್ತು. ಯಾರು ಎಲ್ಲಿ ಏನು ನುಡಿಸಿದರು ಎಂದು ಬಿಡಿಬಿಡಿಯಾಗಿ ಕೇಳುತ್ತದೆ. ಆದರೆ ಆಲ್ಬಮ್ ಅಂತ ಕೂತು ಕೇಳುವುದಾದರೆ ನಾನು ಮೊನೊವನ್ನೇ ಆರಿಸುತ್ತೇನೆ. ಬ್ಯಾಂಡು ಮತ್ತು ವಿಕ್ ಮೇಲ್ ಆಗ ಜನರ ಕೈಗೆ ಕೊಟ್ಟದ್ದು ಅದು.

ಕಿವಿ ದಣಿಯುವ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಮುಖ್ಯ ಎನಿಸಿದ ಮಾತು ಅದು. ಸಿಡಿ ಜೋರಾಗಿದೆ, ಸ್ಪಷ್ಟವಾಗಿದೆ ಎಂದಿರಿ. ಈ ಎರಡನ್ನು ಬೇರೆ ಮಾಡಿ ನೋಡಬೇಕು. ಒಂದೇ ಹಾಡನ್ನು ಒಂದೆರಡು ಡೆಸಿಬಲ್ ಜೋರಾಗಿ ಹಾಕಿದರೆ ನಮ್ಮ ಕಿವಿ ಅದನ್ನು ‘ಜೋರು’ ಎಂದು ಹೇಳುವುದಿಲ್ಲ, ‘ಚೆನ್ನಾಗಿದೆ’ ಎಂದು ಹೇಳುತ್ತದೆ. ಮಾಸ್ಟರಿಂಗ್ ಮಾಡುವವರಿಗೂ ಈ ಮೋಸ ತಪ್ಪಿದ್ದಲ್ಲ. ಹಾಗಾಗಿ ಹೋಲಿಸುವ ಮುಂಚೆ ಸದ್ದಿನ ಮಟ್ಟ ಸಮ ಮಾಡಲೇಬೇಕು. ಫೋನಿನಲ್ಲಿ ಡೆಸಿಬಲ್ ಅಳೆಯುವ ಆಪ್ ಸಾಕು. ಫೋನನ್ನು ನೀವು ಕೂರುವ ಜಾಗದಲ್ಲಿ ಅಲುಗಾಡದಂತೆ ಇಟ್ಟು, ಎಲ್‌ಪಿ ಮತ್ತು ಸಿಡಿ ಎರಡರಲ್ಲೂ ಒಂದೇ ಹಾಡಿನ ಒಂದೇ ಭಾಗ ಬಾರಿಸಿ, ಅಂಕಿ ಒಂದೇ ಬರುವಂತೆ ವಾಲ್ಯೂಮ್ ಹೊಂದಿಸಿ. ಆಮೇಲೆ ಕೇಳಿ.

ಸಮ ಮಾಡಿದ ಮೇಲೂ ಸಿಡಿಯೇ ಚೆನ್ನಾಗಿದ್ದರೆ ರೀಮಾಸ್ಟರ್ ಒಳ್ಳೇದಾಗಿದೆ ಎಂದರ್ಥ. ನಿಶ್ಚಿಂತೆಯಿಂದ ಕೇಳಿ. ಆದರೆ ಸಮ ಮಾಡಿದ ಕೂಡಲೇ ಸಿಡಿ ಚಪ್ಪಟೆ ಎನಿಸಿ, ಗಿಟಾರಿನ ಪೆಟ್ಟು ಮೊಂಡಾದಂತೆ ಕೇಳಿದರೆ ಅಲ್ಲಿ ಲಿಮಿಟರ್ ಜಾಸ್ತಿ ಕೆಲಸ ಮಾಡಿದೆ. ಸಿಡಿಯಲ್ಲಿ ಸದ್ದಿಗೆ ಒಂದು ಗರಿಷ್ಠ ಮಿತಿ ಇದೆ, ಅದರ ಮೇಲೆ ಹೋಗಲು ಆಗದು. ಅದರೊಳಗೇ ಜೋರಾಗಿಸಬೇಕಾದರೆ ದೊಡ್ಡ ಪೆಟ್ಟುಗಳ ತುದಿಯನ್ನು ಒತ್ತಿ, ಉಳಿದದ್ದನ್ನು ಮೇಲೆತ್ತಬೇಕು. ಲಿಮಿಟರ್ ಮಾಡುವುದು ಇದನ್ನೇ. 90ರ ದಶಕದಿಂದ ಈಚೆಗೆ ಕಂಪನಿಗಳು ಪೈಪೋಟಿಗೆ ಬಿದ್ದು ಹೀಗೆ ಮಾಡುತ್ತ ಬಂದವು. 2008ರಲ್ಲಿ ಮೆಟಾಲಿಕಾ ಬ್ಯಾಂಡಿನ ಆಲ್ಬಮ್ ಒಂದು ಹೀಗೆ ಬಂದಾಗ ಅಭಿಮಾನಿಗಳೇ ಸಹಿ ಹಾಕಿ, ಮತ್ತೆ ಮಾಡಿಕೊಡಿ ಎಂದು ಕೇಳಿದ್ದರು. ಬೇರೆ ಕೆಲವು ಆಲ್ಬಮ್‌ಗಳು ಈ ಒತ್ತಡವನ್ನು ತಡೆದುಕೊಳ್ಳುತ್ತವೆ. ಇದು ತಡೆದುಕೊಳ್ಳುವುದಿಲ್ಲ. ಯಾಕೆಂದರೆ ಲಿಮಿಟರ್ ಮೊದಲು ಕೊಲ್ಲುವುದು ಪೆಟ್ಟಿನ ತುದಿಯನ್ನು, ಮೇಲೆತ್ತುವುದು ಪೆಟ್ಟುಗಳ ನಡುವಿನ ಮೌನವನ್ನು. ವಿಲ್ಕೊ ಕಷ್ಟಪಟ್ಟು ಮುಚ್ಚಿದ ಜಾಗವನ್ನೆಲ್ಲ ಅದು ತುಂಬಿಬಿಡುತ್ತದೆ. ಕಿವಿಗೆ ಬಿಡುವೇ ಸಿಗದೆ ದಣಿಯುತ್ತದೆ.

ಆಡಾಸಿಟಿಯಲ್ಲಿ ಅಲೆಯ ಚಿತ್ರವನ್ನೂ ನೋಡಿ. ತುದಿಗಳು ಮೇಲೆ ಕೆಳಗೆ ಬೇರೆ ಬೇರೆ ಎತ್ತರಕ್ಕೆ ಚಿಮ್ಮಿದ್ದರೆ ಒಳ್ಳೇದು. ಹಾಡಿನುದ್ದಕ್ಕೂ ಒಂದೇ ಎತ್ತರಕ್ಕೆ ಕತ್ತರಿಸಿದಂತೆ ಕಂಡರೆ ನಿಮ್ಮ ದಣಿವಿಗೆ ಕಾರಣ ಸಿಕ್ಕಿತು. ಎಲ್‌ಪಿಯಿಂದ ಕಂಪ್ಯೂಟರಿಗೆ ತಂದ ಅಲೆಯನ್ನು ಇದರ ಜೊತೆ ನೇರವಾಗಿ ಹೋಲಿಸಬೇಡಿ. ಎಲ್‌ಪಿಯ ಚಟಪಟ ಮತ್ತು ಸೂಜಿಯ ಓಲಾಟದಿಂದ ತುದಿಗಳು ಇದ್ದದ್ದಕ್ಕಿಂತ ಜಾಸ್ತಿ ಕಾಣುತ್ತವೆ. ಹೋಲಿಸುವುದಾದರೆ ಸಿಡಿಗೆ ಸಿಡಿ.

ಸಿಡಿಗಿಂತ ಸೂಕ್ಷ್ಮವಾದ 24 ಬಿಟ್ ಫೈಲ್ ಕೊಂಡರೆ ಇದು ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 16 ಬಿಟ್ ಸಿಡಿಯೇ ಅತಿ ಮೆಲ್ಲಗಿನ ಸದ್ದಿಗೂ ಅತಿ ಜೋರಿನ ಸದ್ದಿಗೂ ನಡುವೆ ಸುಮಾರು 96 ಡೆಸಿಬಲ್ ಅಂತರವನ್ನು ಹಿಡಿಯಬಲ್ಲದು. ಆ ಕಾಲದ ಟೇಪಿನಲ್ಲಿ ಹಿಸ್ ಸದ್ದು ಬಿಟ್ಟು ಉಳಿಯುತ್ತಿದ್ದದ್ದು 60-70ರ ಆಸುಪಾಸು. ಲಿಮಿಟರಿನಿಂದ ಒತ್ತಿದ್ದನ್ನು 24 ಬಿಟ್‌ನಲ್ಲಿ ಕೊಟ್ಟರೂ ಒತ್ತಿದ್ದೇ ಸಿಗುವುದು. ಸ್ಪಾಟಿಫೈನಂಥ ಕಡೆ ಎಲ್ಲ ಹಾಡನ್ನೂ ಸುಮಾರು ಒಂದೇ ಜೋರಿಗೆ ಇಳಿಸುತ್ತಾರೆ. ಅಲ್ಲಿ ಕೇಳುವವರಿಗೆ ಜೋರು ಮಾಸ್ಟರಿಂಗ್‌ನಿಂದ ಬರುವ ಲಾಭ ಏನೂ ಇಲ್ಲ, ನಷ್ಟ ಮಾತ್ರ ಉಳಿಯುತ್ತದೆ.

ಈಗ ಕಾರ್ಟ್ರಿಜ್. ಮೊನೊ ರೆಕಾರ್ಡಿನ ಗೆರೆಯಲ್ಲಿ ಸಂಗೀತ ಇರುವುದು ಅಡ್ಡಡ್ಡ ಅಲುಗಾಟದಲ್ಲಿ ಮಾತ್ರ. ಸೂಜಿ ಮೇಲೆ-ಕೆಳಗೆ ಅಲುಗಿದರೆ ಅದು ಧೂಳು, ಗೀರು, ಮೋಟಾರಿನ ಗುಡುಗು. ಸ್ಟೀರಿಯೊ ಕಾರ್ಟ್ರಿಜ್ ಅದನ್ನೂ ಎತ್ತಿಕೊಂಡು ಕೇಳಿಸುತ್ತದೆ. ಮೊನೊ ಗುಂಡಿ ಒತ್ತಿದರೆ ಆ ಮೇಲೆ-ಕೆಳಗಿನ ಸದ್ದು ರದ್ದಾಗುತ್ತದೆ. ಚಟಪಟ ಎಷ್ಟು ಇಳಿಯುತ್ತದೆ ಎಂದು ಕೇಳಿದರೆ ನಿಮಗೇ ಆಶ್ಚರ್ಯವಾಗುತ್ತದೆ. ಆಂಪ್ಲಿಫೈಯರಿನಲ್ಲಿ ಗುಂಡಿ ಇಲ್ಲದಿದ್ದರೆ ಟರ್ನ್‌ಟೇಬಲ್ ಮತ್ತು ಫೋನೊ ಪ್ರೀಆಂಪ್ (ಸೂಜಿಯಿಂದ ಬರುವ ಸಣ್ಣ ಸಿಗ್ನಲ್ಲನ್ನು ಎತ್ತುವ ಭಾಗ) ನಡುವೆ ಎರಡು ವೈ ಕೇಬಲ್‌ಗಳನ್ನು, ಅಂದರೆ ಎರಡು ತಂತಿ ಒಂದಾಗುವ ಕೇಬಲ್‌ಗಳನ್ನು, ಬೆನ್ನಿಗೆ ಬೆನ್ನು ಜೋಡಿಸಿ ಹಾಕಬಹುದು. ಟರ್ನ್‌ಟೇಬಲ್ಲಿನ ಒಳಗೇ ಪ್ರೀಆಂಪ್ ಇದ್ದರೆ ಹೀಗೆ ಮಾಡಬೇಡಿ. ಸ್ಪೀಕರ್ ವೈರುಗಳನ್ನಂತೂ ಒಟ್ಟಿಗೆ ಸೇರಿಸಲೇಬೇಡಿ, ಆಂಪ್ಲಿಫೈಯರ್ ಸುಟ್ಟುಹೋಗುತ್ತದೆ.

ಮೊನೊಗೆ ಬೇರೆ ಸೂಜಿ ಬೇಕು ಎಂಬ ಮಾತು 50ರ ದಶಕದ ಎಲ್‌ಪಿಗಳಿಗೆ ಸರಿ. ಅವುಗಳ ಗೆರೆ ಅಗಲ, ಸೂಜಿಯ ತುದಿ 25 ಮೈಕ್ರಾನ್ ಇದ್ದರೆ ಚೆನ್ನಾಗಿ ಕೂರುತ್ತದೆ. 1975ರ ಹೊತ್ತಿಗೆ ಮೊನೊ ಇದ್ದರೂ ಸ್ಟೀರಿಯೊ ಕಾಲದ ಯಂತ್ರದಲ್ಲೇ, ಸಣ್ಣ ಗೆರೆಯಾಗಿ ಕತ್ತರಿಸುತ್ತಿದ್ದರು. ನಿಮ್ಮ ಮಾಮೂಲಿ ಸೂಜಿಯೇ ಇದಕ್ಕೆ ಸರಿ. ಆ ದುಡ್ಡನ್ನು ಉಳಿಸಿ. ಅಗತ್ಯವಿದ್ದರೆ ಈಗಿನ ಕಾರ್ಟ್ರಿಜ್ಜಿಗೇ ಒಂದು ಹೊಸ ಸೂಜಿ ಹಾಕಿಸಿ, ರೆಕಾರ್ಡನ್ನು ಡಿಸ್ಟಿಲ್ಡ್ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ತೊಳೆದ ಮೇಲೂ ಜೋರು ಜಾಗಗಳಲ್ಲಿ, ಅದರಲ್ಲೂ ಲೇಬಲ್ಲಿನ ಹತ್ತಿರದ ಹಾಡುಗಳಲ್ಲಿ, ಕರಕರ ಸದ್ದು ಬಂದರೆ ಗೆರೆ ಸವೆದಿದೆ. ಹಳೇ ಭಾರದ ಸೂಜಿಯ ಪ್ಲೇಯರಿನಲ್ಲಿ ವರ್ಷಗಟ್ಟಲೆ ಓಡಿದ ಪ್ರತಿಗಳಿಗೆ ಹೀಗಾಗುತ್ತದೆ. ಅದನ್ನು ಯಾವ ಸೂಜಿಯೂ ವಾಪಸ್ ತರಲಾರದು. ಎರಡನೇ ಬದಿಯ ಕೊನೆಯಲ್ಲಿರುವ ಲೈವ್ ಹಾಡನ್ನು ಮಾತ್ರ ಈ ಪರೀಕ್ಷೆಗೆ ಬಳಸಬೇಡಿ. ಅದರಲ್ಲಿ ಬ್ರಿನ್ಸ್‌ಲಿ ಶ್ವಾರ್ಟ್ಜ್ ಬ್ಯಾಂಡಿನವರ ಸ್ಯಾಕ್ಸೊಫೋನ್ ಬೇರೆ ಸೇರಿದೆ, ಸದ್ದು ಮೊದಲಿನಿಂದಲೇ ಒರಟು.

ಹೊಸ ಎಲ್‌ಪಿ ಕೊಳ್ಳಬೇಕಾ? ನಿಮ್ಮ ಹಳೇ ಪ್ರತಿ ಸವೆದಿಲ್ಲದಿದ್ದರೆ ಬೇಡ ಎನ್ನುತ್ತೇನೆ. ಅದನ್ನು 1975ರ ಹೊತ್ತಿಗೆ, ಟೇಪ್ ಹೊಸದಾಗಿದ್ದಾಗ ಕತ್ತರಿಸಿದ್ದು. ಸವೆದಿದ್ದರೆ ಹೊಸದನ್ನು ನೋಡಬಹುದು, ಆದರೆ ಕೊಳ್ಳುವ ಮುಂಚೆ ಮೊನೊ ಮಿಕ್ಸೋ ಸ್ಟೀರಿಯೊವೋ ಎಂದು ಕೇಳಿ. ಯಾವ ಟೇಪಿನಿಂದ ಮಾಡಿದ್ದು, ಯಾರು ಕತ್ತರಿಸಿದ್ದು ಎಂದು ಕವರಿನಲ್ಲಿ ಬರೆದಿದೆಯೇ ನೋಡಿ. ಒಳ್ಳೇ ಕೆಲಸ ಮಾಡಿದವರು ಸಾಮಾನ್ಯವಾಗಿ ಅದನ್ನು ಹೆಮ್ಮೆಯಿಂದ ಬರೆಯುತ್ತಾರೆ. 180 ಗ್ರಾಂ ತೂಕದ ರೆಕಾರ್ಡು ಎಂಬ ಮಾತಿಗೆ ಬೆಲೆ ಕೊಡಬೇಡಿ, ಪ್ಲಾಸ್ಟಿಕ್ ದಪ್ಪವಾದರೆ ಸದ್ದು ಒಳ್ಳೇದಾಗುವುದಿಲ್ಲ. ಲೈಸೆನ್ಸ್ ಇಲ್ಲದ ಅಗ್ಗದ ಪ್ರತಿಗಳಿಂದಲೂ ದೂರವಿರಿ. 50ರ ದಶಕದ ರೆಕಾರ್ಡಿಂಗ್‌ಗಳನ್ನು ಬ್ರಿಟನ್ನಿನಲ್ಲಿ ಯಾರು ಬೇಕಾದರೂ ಅಚ್ಚು ಹಾಕಬಹುದು, ಅವುಗಳ ಹಕ್ಕಿನ ಅವಧಿ ಮುಗಿದಿದೆ. 2013ರಲ್ಲಿ ಅಲ್ಲಿ ಅವಧಿಯನ್ನು 50ರಿಂದ 70 ವರ್ಷಕ್ಕೆ ಏರಿಸಿದ್ದರಿಂದ 1975ರ ಆಲ್ಬಮ್‌ನ ಹಕ್ಕು 2045ರ ಕೊನೆಯವರೆಗೂ ಇರುತ್ತದೆ. ಲೈಸೆನ್ಸ್ ಇಲ್ಲದೆ ಅಚ್ಚು ಹಾಕಿದವರ ಕೈಯಲ್ಲಿ ಮೂಲ ಟೇಪ್ ಇರುವ ಸಾಧ್ಯತೆಯೇ ಇಲ್ಲ. ಸಿಡಿಯಿಂದಲೇ ಎಲ್‌ಪಿ ಮಾಡಿರುತ್ತಾರೆ. ಅದಕ್ಕಿಂತ ನಿಮ್ಮ ಬಳಿ ಇರುವ ಸಿಡಿಯೇ ವಾಸಿ.

ಇದೇ ಬ್ಯಾಂಡಿನದು ಇನ್ನೊಂದು ಬೇಕೆನಿಸಿದರೆ 1976ರ ಲೈವ್ ಆಲ್ಬಮ್ ‘ಸ್ಟುಪಿಡಿಟಿ’ ಹುಡುಕಿ. ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿದ್ದು. ಅದರ ಒಂದು ಬದಿ ಶೆಫೀಲ್ಡ್‌ನದು, ಇನ್ನೊಂದು ಬದಿ ನಿಮ್ಮ ಸೌತೆಂಡ್‌ನ ಕರ್ಸಾಲ್ ಸಭಾಂಗಣದಲ್ಲಿ 1975ರ ನವೆಂಬರಿನಲ್ಲಿ ರೆಕಾರ್ಡ್ ಆದದ್ದು. ಆಗ ಜನ ತುಂಬಾ ಕೊಂಡಿದ್ದರಿಂದ ಹಳೇ ಪ್ರತಿಗಳು ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಸಿಗುವುದು ಕಷ್ಟವಲ್ಲ. ಕೊಳ್ಳುವಾಗ ರೆಕಾರ್ಡನ್ನು ಹೊರಗೆ ತೆಗೆದು ಬೆಳಕಿಗೆ ವಾಲಿಸಿ ನೋಡಿ. ಗೆರೆಗಳು ಕಪ್ಪಗೆ ಹೊಳೆಯುತ್ತಿದ್ದರೆ ತೆಗೆದುಕೊಳ್ಳಿ. ಬೂದುಬೂದಾಗಿ ಮಂಕಾಗಿದ್ದರೆ ಬೇರೆ ಪ್ರತಿ ನೋಡಿ.